ಕೊಸರು ಕೊಡದ ತಕ್ಕಡಿ

ನನ್ನ ದಾದಾ, ಅಂದರೆ ಅಬ್ಬಾನ ತಂದೆ, ಅಕ್ಕಿ ಅಳೆಯುವಾಗ ‘ಒಂದು’ ಎಂದು ಎಣಿಸಿದ್ದನ್ನು ನಾನು ಕೇಳಿಯೇ ಇಲ್ಲ. ಮೊದಲ ಸೇರನ್ನು ಗಿರಾಕಿಯ ಚೀಲಕ್ಕೆ ಸುರಿಯುತ್ತ ‘ಲಾಭ’ ಎನ್ನುತ್ತಿದ್ದರು. ಆಮೇಲೆ ‘ಎರಡು’, ‘ಮೂರು’. ಮನೆಯಲ್ಲಿ ದಖನಿ ಮಾತಾಡುತ್ತಿದ್ದ, ಲೆಕ್ಕವನ್ನು ಉರ್ದುವಿನಲ್ಲಿ ಬರೆಯುತ್ತಿದ್ದ ಅವರು ಅಳೆಯುವ ಹೊತ್ತಿಗೆ ಮಾತ್ರ ಕನ್ನಡದಲ್ಲೇ ಎಣಿಸುತ್ತಿದ್ದರು. ಬಯಲುಸೀಮೆಯ ಆ ಸಣ್ಣ ಪೇಟೆಯಲ್ಲಿ ಎಲ್ಲ ಅಂಗಡಿಯವರ ಪದ್ಧತಿಯೂ ಅದೇ. ಅಳೆದು ಮುಗಿದ ಮೇಲೆ ಗಿರಾಕಿ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ದಾದಾನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ದಾದಾ ಇನ್ನೊಂದು ಹಿಡಿ ಅಕ್ಕಿ ತೆಗೆದು ಚೀಲಕ್ಕೆ ಹಾಕುತ್ತಿದ್ದರು. ಅದು ಕೊಸರು. ಅದಕ್ಕೆ ಬೆಲೆಯೂ ಇಲ್ಲ, ಲೆಕ್ಕವೂ ಇಲ್ಲ. ಆದರೆ ಅದು ಬೀಳದೆ ವ್ಯಾಪಾರ ಮುಗಿಯುತ್ತಿರಲಿಲ್ಲ.

ಉದ್ರಿ ಲೆಕ್ಕಕ್ಕೆ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕವೊಂದಿತ್ತು. ಅಕ್ಷರಗಳು ಬಲದಿಂದ ಎಡಕ್ಕೆ, ಅಂಕಿಗಳು ಎಡದಿಂದ ಬಲಕ್ಕೆ. ಉರ್ದು ಶಾಲೆಗೆ ಸೇರಿದ ಹೊಸತರಲ್ಲಿ ನನಗೆ ಓದಲು ಸಿಕ್ಕಿದ ಮೊದಲ ದೊಡ್ಡ ಪುಸ್ತಕ ಅದೇ. ಅದರಲ್ಲಿ ಯಾರ ನಿಜವಾದ ಹೆಸರೂ ಇರಲಿಲ್ಲ. ‘ಭೈಂಸ್‌ವಾಲಿ’ ಎಂದರೆ ಎಮ್ಮೆ ಸಾಕಿದ್ದ ಅಕ್ಕ. ‘ಕೋನೇ ಕಾ ಘರ್’ ಎಂದರೆ ಮೂಲೆಮನೆಯವರು. ‘ಲಂಬೇ ಮಾಸ್ಟರ್’ ನಮ್ಮ ಕನ್ನಡ ಶಾಲೆಯ ಉದ್ದನೆಯ ಮೇಷ್ಟ್ರು. ಮುಂದೆ ನಾನು ಕನ್ನಡ ಹೈಸ್ಕೂಲಿಗೆ ಹೋಗಿ ಅವರ ಎದುರೇ ಕೂತಾಗ, ಅವರು ಎರಡು ತಿಂಗಳಿನಿಂದ ಸಕ್ಕರೆ ಬಾಕಿ ಇಟ್ಟಿದ್ದಾರೆಂಬ ಗುಟ್ಟನ್ನು ಹೊಟ್ಟೆಯೊಳಗಿಟ್ಟುಕೊಂಡೇ ವ್ಯಾಕರಣ ಕಲಿತೆ.

ಈಗ ಅದೇ ಜಾಗದಲ್ಲಿ ನನ್ನ ತಮ್ಮನ ಅಂಗಡಿಯಿದೆ. ತಕ್ಕಡಿ ಕರೆಂಟಿನದು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಫಲಕದ ಮೇಲೆ ಕಪ್ಪು ಬಿಳುಪಿನ ಚೌಕುಳಿ ಚಿತ್ರ, ಅಂದರೆ ಕ್ಯೂಆರ್ ಕೋಡ್. ದುಡ್ಡು ಬಂದೊಡನೆ ಸಣ್ಣ ಪೆಟ್ಟಿಗೆಯೊಂದು ಹೆಣ್ಣುದನಿಯಲ್ಲಿ ಮೊತ್ತ ಹೇಳುತ್ತದೆ, ಅದೂ ಕನ್ನಡದಲ್ಲಿ. ದಾದಾನಿಂದ ತಮ್ಮನವರೆಗಿನ ಈ ಮೂರು ತಲೆಮಾರಿನಲ್ಲಿ ಏನು ಬದಲಾಯಿತು ಎಂದು ಯೋಚಿಸಿದರೆ ಮೊದಲು ಕಣ್ಣಿಗೆ ಬೀಳುವುದು ಯಂತ್ರಗಳೇ. ಆದರೆ ಅಂಗಡಿಯ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಬರೆಯಲು ಬರುವುದಿಲ್ಲ. ತಕ್ಕಡಿಯ ಎರಡೂ ಬದಿಯಲ್ಲಿ ಮನುಷ್ಯರಿರುತ್ತಾರೆ, ಅವರಿಗೆ ಒಬ್ಬರ ಮೇಲೊಬ್ಬರಿಗೆ ಪೂರ್ತಿ ನಂಬಿಕೆ ಇರುವುದಿಲ್ಲ. ಅಂಗಡಿಗೆ ಬಂದ ಪ್ರತಿಯೊಂದು ಯಂತ್ರವೂ ಆ ಅಪನಂಬಿಕೆಗೆ ಔಷಧಿಯಾಗಿಯೇ ಬಂದಿದೆ. ಬಂದಾಗಲೆಲ್ಲ ಲೆಕ್ಕದ ಪುಸ್ತಕವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿದೆ.

ಅಳತೆಯ ಮೇಲಿನ ಅನುಮಾನ ಬಹಳ ಹಳೆಯದು. ಕುರ್‌ಆನ್‌ನ 83ನೆಯ ಅಧ್ಯಾಯದ ಹೆಸರೇ ‘ಅಳತೆಯಲ್ಲಿ ವಂಚಿಸುವವರು’ ಎಂಬ ಅರ್ಥದ್ದು. ಅದೇ ಭಯವನ್ನು ತಿರುಗಿಸಿ ನೋಡಿದಂತೆ, ನಮ್ಮ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಎಂದಿಗಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಾ ಎಂದಳಂತೆ. ದಿಲ್ಲಿಯ ಅಲ್ಲಾವುದ್ದೀನ್ ಖಿಲ್ಜಿ (ಆಳ್ವಿಕೆ 1296–1316) ಮಾತ್ರ ಉಪದೇಶಕ್ಕೆ ಕಾಯಲಿಲ್ಲ. ದವಸ, ಬಟ್ಟೆ, ಕುದುರೆ, ಕೊನೆಗೆ ಸೂಜಿ ಬಾಚಣಿಗೆಗಳವರೆಗೆ ಆತ ಬೆಲೆ ಗೊತ್ತುಮಾಡಿದ ಕತೆಯನ್ನು ಚರಿತ್ರೆಕಾರ ಜಿಯಾವುದ್ದೀನ್ ಬರನಿ ವಿವರವಾಗಿ ಬರೆದಿದ್ದಾನೆ. ಸುಲ್ತಾನ ಸಣ್ಣ ಹುಡುಗರ ಕೈಗೆ ಕಾಸು ಕೊಟ್ಟು ರೊಟ್ಟಿ, ಹಲ್ವ ತರಲು ಪೇಟೆಗೆ ಕಳಿಸುತ್ತಿದ್ದನಂತೆ. ಅವರು ತಂದದ್ದನ್ನು ತೂಗಿಸುವುದು, ಎಷ್ಟು ಕಡಿಮೆಯಿದೆಯೋ ಅಷ್ಟು ಮಾಂಸವನ್ನು ಅಂಗಡಿಯವನ ಮೈಯಿಂದ ಕೊಯ್ಯಿಸುವುದು. ಇದರ ಉದ್ದೇಶ ಬಡವರ ಹಿತವಾಗಿರಲಿಲ್ಲ, ಕಡಿಮೆ ಸಂಬಳದಲ್ಲಿ ದೊಡ್ಡ ಸೈನ್ಯ ಸಾಕುವುದಾಗಿತ್ತು ಎಂಬುದನ್ನೂ ಬರನಿಯೇ ಹೇಳುತ್ತಾನೆ. ಸುಲ್ತಾನ ಸತ್ತ ಮೇಲೆ ಆ ಬೆಲೆಗಳೂ ಅವನ ಜೊತೆಯೇ ಹೋದವು. ಕತ್ತಿಯ ಭಯದಿಂದ ನೆಟ್ಟಗಾದ ತಕ್ಕಡಿ ಕತ್ತಿ ಒರೆಗೆ ಹೋದ ದಿನವೇ ವಾಲುತ್ತದೆ.

ನಮ್ಮ ಕಡೆಯ ತೊಂದರೆ ಬೇರೆ ಥರದ್ದು. ಇಲ್ಲಿ ಮೋಸಕ್ಕಿಂತ ಹೆಚ್ಚಾಗಿ ಅಳತೆಗಳೇ ಹಲವಾರು. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೋದ ಊರಲ್ಲೆಲ್ಲ ಸೇರು, ಮಣ, ಕೊಳಗ, ಖಂಡುಗಗಳ ಲೆಕ್ಕ ಕೇಳಿ ಬರೆದುಕೊಂಡ. ಹೆಸರು ಒಂದೇ ಇದ್ದರೂ ಊರಿಂದ ಊರಿಗೆ ತೂಕ ಬೇರೆ. ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ‘ನಯಾ ಪೈಸೆ’ ಬಂದವು. 1958ರಿಂದ ಕಿಲೋ, ಗ್ರಾಮುಗಳು ಹಂತ ಹಂತವಾಗಿ ಅಂಗಡಿ ಹೊಕ್ಕವು. ಕೋಟ್ಯಂತರ ಜನ ತಮ್ಮ ತೂಕ, ಅಳತೆ, ನಾಣ್ಯ ಎಲ್ಲವನ್ನೂ ಕೆಲವೇ ವರ್ಷಗಳಲ್ಲಿ ಬದಲಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಒಂದು ಪುಟವೂ ಸಿಗುವುದಿಲ್ಲ ಎಂಬುದು ನನ್ನ ಹಳೆಯ ದೂರು. ಆನೆ, ಪೈ ಲೆಕ್ಕದಲ್ಲಿ ಪಳಗಿದ ಅಂಗಡಿಯವನ ಮುಂದೆ ಅರ್ಥವಾಗದೆ ತಲೆಯಾಡಿಸುತ್ತಿದ್ದ ಕೂಲಿಯವನು ಮೊದಲ ಬಾರಿಗೆ ಬೆರಳೆಣಿಸಿ ಲೆಕ್ಕ ಹಾಕುವಂತಾದದ್ದು ಆಗಲೇ.

ಹಾಗೆಂದು ಹಳತು ಪೂರ್ತಿ ಸಾಯಲಿಲ್ಲ. ದಾವಣಗೆರೆ ಕಡೆ ಮಂಡಕ್ಕಿ ಇಂದಿಗೂ ಸೇರಿನ ಲೆಕ್ಕದಲ್ಲಿ ಸಿಗುತ್ತದೆ. ಹೂವಾಡಗಿತ್ತಿ ಬುಟ್ಟಿಗೆ ಕ್ಯೂಆರ್ ಕೋಡ್ ತೂಗುಹಾಕಿಕೊಂಡು ಮಲ್ಲಿಗೆಯನ್ನು ಮೊಳದಲ್ಲೇ ಅಳೆಯುತ್ತಾಳೆ. ಮೊಳ ಅವಳ ಕೈಯದು. ಗಿಡ್ಡ ಕೈಯವಳ ಬಳಿ ಹೂವು ಕೊಳ್ಳಬೇಡ ಎಂದು ನನ್ನ ಅಮ್ಮಿ ಹೇಳುತ್ತಿದ್ದುದುಂಟು. ದುಡ್ಡು ಉಪಗ್ರಹದ ಕಾಲದ್ದು, ಅಳತೆ ಮೊಣಕೈಯ ಕಾಲದ್ದು. ಎರಡೂ ಒಂದೇ ಬುಟ್ಟಿಯಲ್ಲಿ ಜಗಳವಿಲ್ಲದೆ ಇವೆ.

ಅಳತೆಯ ಜಗಳ ತೀರಿದರೂ ಬೆಲೆಯ ಜಗಳ ಉಳಿಯಿತು. ಚೌಕಾಸಿ ಎಂಬುದು ಆಟವೂ ಹೌದು, ಅವಮಾನವೂ ಹೌದು. ಮಾತು ಬಲ್ಲವನಿಗೆ ಕಡಿಮೆ ಬೆಲೆ, ಮೂಕನಿಗೆ ಹೆಚ್ಚು. ಎಲ್ಲರಿಗೂ ಒಂದೇ ಬೆಲೆ ಎಂಬ ಕಲ್ಪನೆ ಯುರೋಪಿನಲ್ಲೂ ಮೊದಲು ವ್ಯಾಪಾರದ ಉಪಾಯವಾಗಿ ಬರಲಿಲ್ಲ, ಧರ್ಮಶ್ರದ್ಧೆಯಾಗಿ ಬಂತು. ಇಂಗ್ಲೆಂಡಿನ ಕ್ವೇಕರ್ ಪಂಥದವರು ಹದಿನೇಳನೆಯ ಶತಮಾನದಲ್ಲೇ, ಹೆಚ್ಚು ಹೇಳಿ ಕಡಿಮೆಗೆ ಒಪ್ಪುವುದು ಸುಳ್ಳಾಡಿದಂತೆ ಎಂದು ಒಂದೇ ಬೆಲೆ ಹೇಳುತ್ತಿದ್ದರು. ಅದನ್ನು ದೊಡ್ಡ ವ್ಯಾಪಾರವಾಗಿಸಿದವನು ಪ್ಯಾರಿಸ್ಸಿನ ಅರಿಸ್ಟಿಡ್ ಬೂಸಿಕೊ. 1852ರಲ್ಲಿ ‘ಬಾನ್ ಮಾರ್ಶೆ’ ಎಂಬ ಅಂಗಡಿಗೆ ಪಾಲುದಾರನಾಗಿ ಸೇರಿದ ಆತ ಸಾಮಾನಿನ ಮೇಲೆ ಬೆಲೆಚೀಟಿ ಅಂಟಿಸಿದ. ಯಾರು ಬೇಕಾದರೂ ಒಳಗೆ ಬಂದು, ಏನನ್ನೂ ಕೊಳ್ಳದೆ ಸುಮ್ಮನೆ ನೋಡಿಕೊಂಡು ಹೋಗಬಹುದು, ಕೊಂಡದ್ದು ಬೇಡವಾದರೆ ಹಿಂದಿರುಗಿಸಬಹುದು ಎಂದ. ಇದರಿಂದ ಪಕ್ಕದ ಸಣ್ಣ ಅಂಗಡಿಗಳಿಗೆ ಆದದ್ದೇನು ಎಂಬುದನ್ನು ಎಮಿಲಿ ಜೋಲಾ ಅಂಥ ಮಹಾ ಮಳಿಗೆಯೊಂದರ ಸುತ್ತ ಬರೆದು 1883ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಕಾಣಬಹುದು. ಅದರಲ್ಲಿ ತನ್ನ ಜಾಗ ಮಾರಲು ಒಪ್ಪದೆ ಹಟ ಹಿಡಿದು ಹಾಳಾಗುವ ಮುದಿ ಕೊಡೆ ವ್ಯಾಪಾರಿಯೊಬ್ಬ ಬರುತ್ತಾನೆ. ಅವನನ್ನು ನಾನು ನಮ್ಮ ರಾಜ್ಯದ ಹಲವು ಪೇಟೆಬೀದಿಗಳಲ್ಲಿ ಬೇರೆ ಬೇರೆ ವೇಷದಲ್ಲಿ ಕಂಡಿದ್ದೇನೆ.

ಮುಂದಿನ ಅನುಮಾನ ಯಜಮಾನನಿಗೆ ತನ್ನ ಕೆಲಸದವರ ಮೇಲೆ. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಪಟ್ಟಣದಲ್ಲಿ ಹೆಂಡದಂಗಡಿ ಇಟ್ಟಿದ್ದ ಜೇಮ್ಸ್ ರಿಟ್ಟಿ, ಆಳುಗಳು ಕಾಸು ಕದಿಯುತ್ತಾರೆಂಬ ಚಿಂತೆಯಿಂದ 1879ರಲ್ಲಿ ನಗದು ಯಂತ್ರ ಮಾಡಿದ. ಅದಕ್ಕೆ ಅವನಿಟ್ಟ ಹೆಸರನ್ನು ಕನ್ನಡಿಸಿದರೆ ‘ಕೆಡಿಸಲಾಗದ ಗುಮಾಸ್ತ’ ಎಂದಾಗುತ್ತದೆ. ಮುಂದೆ ಇಂಥ ಯಂತ್ರಗಳಿಗೆ ಹಣದ ಖಾನೆಯೂ ಅದು ತೆರೆದಾಗ ಬಾರಿಸುವ ಗಂಟೆಯೂ ಸೇರಿದವು. ಒಳಗೆ ಕೂತ ಯಜಮಾನನಿಗೆ ವ್ಯಾಪಾರವಾಯಿತೆಂದು ಗಂಟೆ ಹೇಳಬೇಕು. ನನ್ನ ತಮ್ಮನ ಅಂಗಡಿಯ ಮಾತಾಡುವ ಪೆಟ್ಟಿಗೆ ಆ ಗಂಟೆಯ ಮರಿಮಗಳು. ದುಡ್ಡು ಹಾಕಿದ್ದೇನೆ ಎಂದು ಗಿರಾಕಿ ಫೋನಿನ ಪರದೆ ತೋರಿಸಿದರೆ ಅದು ನಿಜವೋ ನಿನ್ನೆಯ ಚಿತ್ರವೋ ಯಾರು ಬಲ್ಲರು? ಆದ್ದರಿಂದ ಪೆಟ್ಟಿಗೆ ಕೂಗಬೇಕು.

ಗಿರಾಕಿ ತಾನೇ ಒಳಹೊಕ್ಕು ಸಾಮಾನು ಆರಿಸಿಕೊಳ್ಳುವ ಪದ್ಧತಿಗೆ ಹೆಸರಾದದ್ದು 1916ರ ಸೆಪ್ಟೆಂಬರ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಮೆಂಫಿಸ್ ನಗರದಲ್ಲಿ ತೆರೆದ ‘ಪಿಗ್ಲಿ ವಿಗ್ಲಿ’. ಜನ ಬುಟ್ಟಿ ಹಿಡಿದು ಸುತ್ತಿದರು, ಬುಟ್ಟಿ ಭಾರವಾದಾಗ ಕೊಳ್ಳುವುದನ್ನು ನಿಲ್ಲಿಸಿದರು. ಒಕ್ಲಹೋಮದ ವ್ಯಾಪಾರಿ ಸಿಲ್ವನ್ ಗೋಲ್ಡ್‌ಮನ್ 1937ರಲ್ಲಿ ಅದಕ್ಕೆ ಪರಿಹಾರವಾಗಿ ತಳ್ಳುವ ಗಾಡಿ ಮಾಡಿಸಿದ. ಯಾರೂ ಮುಟ್ಟಲಿಲ್ಲ. ಗಂಡಸರಿಗೆ ತಾವು ದುರ್ಬಲರಂತೆ ಕಾಣುತ್ತೇವೆಂಬ ನಾಚಿಕೆ. ಹೆಂಗಸರಿಗೆ ಮಗುವಿನ ಗಾಡಿ ತಳ್ಳಿ ಸಾಕಾಗಿತ್ತು. ಕೊನೆಗೆ ಆತ ಸಂಬಳ ಕೊಟ್ಟು ಕೆಲವರನ್ನು ಗಿರಾಕಿಗಳಂತೆ ಅಂಗಡಿಯೊಳಗೆ ಗಾಡಿ ತಳ್ಳಿಸಿದನಂತೆ. ನಾಲ್ಕು ಗಾಲಿಯ ಯಂತ್ರ ಸಿದ್ಧವಾಗಿದ್ದರೂ, ಅದನ್ನು ತಳ್ಳುವುದು ಮರ್ಯಾದೆಗೇಡಲ್ಲ ಎಂದು ಜನ ಒಪ್ಪುವತನಕ ಅದು ಮೂಲೆಯಲ್ಲೇ ನಿಂತಿತ್ತು.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ದಾದಾನ ಅಂಗಡಿ, ಕೊಸರು, ಉದ್ರಿ ಎಂದು ಬರೆಯುತ್ತ ಹೋದರೆ ಆ ಕಾಲ ಎಷ್ಟು ಚೆನ್ನಾಗಿತ್ತು ಎನಿಸಿಬಿಡುತ್ತದೆ. ಕತೆ ಬರೆಯುವವರಿಗೆ ಈ ಚಟ ಹೆಚ್ಚು. ಆ ಕೆಂಪು ಪುಸ್ತಕದಲ್ಲಿ ಬರೆದದ್ದನ್ನು ಊರಿನ ಬಹುಪಾಲು ಗಿರಾಕಿಗಳು ಓದಲಾರರು. ಲೆಕ್ಕ ತಪ್ಪಿದರೂ ಕೇಳುವ ದಾರಿಯಿರಲಿಲ್ಲ. ದಾದಾ ಮೋಸಗಾರರಾಗಿರಲಿಲ್ಲ ಎಂದು ನಾನು ನಂಬಿದ್ದೇನೆ, ಆದರೆ ನಂಬಿಕೆ ಬಿಟ್ಟು ಬೇರೆ ಸಾಕ್ಷಿ ನನ್ನಲ್ಲೂ ಇಲ್ಲ, ಅವರಲ್ಲೂ ಇರಲಿಲ್ಲ. ಉದ್ರಿ ಇದ್ದವರು ಬೇರೆ ಅಂಗಡಿಗೆ ಹೋಗುವಂತಿರಲಿಲ್ಲ. ಹೋದರೆ ಹಳೆಯ ಬಾಕಿಯ ನೆನಪು ಬೀದಿಯಲ್ಲೇ ಬರುತ್ತಿತ್ತು.

ಇನ್ನೂ ಕಹಿಯಾದದ್ದಿದೆ. ಹಳ್ಳಿಗಳ ಎಷ್ಟೋ ಅಂಗಡಿಗಳಲ್ಲಿ ದಲಿತರು ದೂರ ನಿಂತು ಕಾಸನ್ನು ನೆಲದ ಮೇಲಿಡಬೇಕಿತ್ತು. ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡು, ಪೊಟ್ಟಣವನ್ನು ಮೇಲಿನಿಂದ ಎಸೆಯುತ್ತಿದ್ದರು. ಅಂಥವರಿಗೆ ಕೊಸರು ಕೇಳುವ ಧೈರ್ಯ ಎಲ್ಲಿಂದ ಬರಬೇಕು? ನಮ್ಮ ಅಂಗಡಿಯಲ್ಲಿ ಆ ಪದ್ಧತಿ ಇರಲಿಲ್ಲ ಎಂದು ಹೆಮ್ಮೆಯಿಂದ ಬರೆಯಲು ಹೊರಟಿದ್ದೆ. ಆದರೆ ಗೌಡರ ಮನೆಯ ಆಳು ಬಂದರೆ ಮೊದಲು ಅವನಿಗೇ ಕಟ್ಟಿಕೊಟ್ಟು, ಕೇರಿಯ ಹೆಂಗಸರನ್ನು ಬಿಸಿಲಲ್ಲಿ ಕಾಯಿಸುತ್ತಿದ್ದುದು ನನಗೆ ನೆನಪಿದೆ. ಯಾರಪ್ಪಣೆಯೂ ಇಲ್ಲದೆ ಒಳಗೆ ಹೋಗಿ, ಬೇಕಾದ ಸಾಮಾನನ್ನು ತಮ್ಮ ಕೈಯಿಂದಲೇ ಮುಟ್ಟಿ ಆರಿಸಿಕೊಂಡು, ಸಾಲಿನಲ್ಲಿ ತಮ್ಮ ಸರದಿಗೆ ನಿಲ್ಲಬಹುದಾದ ಜಾಗ ಇಂಥವರಿಗೆ ಏನಾಗಿ ಕಂಡಿರಬಹುದು ಎಂಬುದನ್ನು, ಸೂಪರ್ ಮಾರ್ಕೆಟ್ಟುಗಳನ್ನು ಮಾತೆತ್ತಿದರೆ ಬೈಯುವ ನಮ್ಮಂಥವರು ಯೋಚಿಸುವುದೇ ಇಲ್ಲ. ಹೆಸರು ಕೇಳದ ಅಂಗಡಿಯೂ ಒಂದು ಬಿಡುಗಡೆಯಾಗಿತ್ತು.

ಹಾಗೆ ಹೆಸರು ಕೇಳದೆ ವ್ಯಾಪಾರ ನಡೆಯಬೇಕಾದರೆ ಸಾಮಾನೇ ತನ್ನ ಹೆಸರು, ಬೆಲೆ ಹೇಳಬೇಕು. ಅದನ್ನು ಸಾಧಿಸಿದ್ದು ಗೆರೆಗಳು. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮಯಾಮಿಯ ಕಡಲ ದಂಡೆಯಲ್ಲಿ ಕೂತು, ತಂತಿ ಕಳಿಸುವ ಮೋರ್ಸ್ ಸಂಕೇತದ ಚುಕ್ಕಿಗೆರೆಗಳನ್ನು ಮರಳಲ್ಲಿ ಬೆರಳಿನಿಂದ ಕೆಳಕ್ಕೆಳೆದಾಗ ಅದು ಹೊಳೆಯಿತಂತೆ. ಅವನಿಗೂ ಗೆಳೆಯ ಬರ್ನಾರ್ಡ್ ಸಿಲ್ವರ್‌ಗೂ 1952ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಆ ಗೆರೆಗಳನ್ನು ಅಗ್ಗವಾಗಿ ಓದಬಲ್ಲ ಲೇಸರ್, ಕಂಪ್ಯೂಟರು ಬರಲು ಇಪ್ಪತ್ತು ವರ್ಷ ಬೇಕಾಯಿತು. 1974ರ ಜೂನ್ 26ರಂದು ಓಹಾಯೋದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ 67 ಸೆಂಟಿನ ಚೂಯಿಂಗ್ ಗಮ್ ಕಟ್ಟು ಮೊದಲ ಬಾರಿಗೆ ಯಂತ್ರದ ಕಣ್ಣಿಗೆ ಬಿತ್ತು. ಭಾರತದಲ್ಲಿ ನೋಂದಾಯಿತವಾದ ಬಾರ್‌ಕೋಡುಗಳು 890ರಿಂದ ಆರಂಭವಾಗುತ್ತವೆ. ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣವಿದ್ದರೆ ತಿರುಗಿಸಿ ನೋಡಬಹುದು.

ನಮ್ಮಲ್ಲಿ ಗೆರೆಗಳಿಗಿಂತ ಮೊದಲು ಅಂಗಡಿಯ ರೂಪ ಬದಲಿಸಿದ್ದು ಪೊಟ್ಟಣವೇ. 1980ರ ದಶಕದಲ್ಲಿ ತಮಿಳುನಾಡಿನ ಸಣ್ಣ ತಯಾರಕರು ಶಾಂಪೂವನ್ನು ಬಾಟಲಿ ಬಿಟ್ಟು ಸಣ್ಣ ಚೀಟಿಗಳಲ್ಲಿ ತುಂಬಿ ಮಾರಿ, ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿಯುವಂತೆ ಮಾಡಿದರು. ಅಂಗಡಿಯ ಮುಂದೆ ಹಾರದಂತೆ ನೇತಾಡುವ ಈ ಚೀಟಿಗಳನ್ನು ಕಂಡಾಗ ನನಗೆ ಚಟಾಕಿನ ನೆನಪಾಗುತ್ತದೆ. ದಿನಗೂಲಿಯವನು ದಿನಕ್ಕೆ ಬೇಕಾದಷ್ಟನ್ನೇ ಕೊಳ್ಳುತ್ತಾನೆ. ಸರ್ಕಾರ ಚಟಾಕನ್ನು ತೆಗೆಯಿತು, ಬಡತನ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮರಳಿ ತಂದಿತು. 1990ರ ಹೊತ್ತಿಗೆ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಮುದ್ರಿಸುವುದು ನಿಯಮವಾಯಿತು. ಅಲ್ಲಿಗೆ ಅರ್ಧ ಚೌಕಾಸಿ ಮುಗಿಯಿತು. ಅಬ್ಬಾ ಅಂಗಡಿ ವಹಿಸಿಕೊಂಡ ಕಾಲ ಅದು. ‘ನನ್ನ ಕೆಲಸ ಈಗ ಕತ್ತರಿಸಿ ಕೊಡುವುದಷ್ಟೇ’ ಎಂದು ಶಾಂಪೂ ಹಾರದಿಂದ ಚೀಟಿ ಕತ್ತರಿಸುತ್ತ ಅವರು ಹೇಳಿದ್ದು ನನಗೆ ಆಗ ತಮಾಷೆಯಾಗಿ ಕೇಳಿಸಿತ್ತು.

ದೊಡ್ಡ ಮಳಿಗೆಗಳು ಬಂದರೆ ಕಿರಾಣಿ ಅಂಗಡಿಗಳು ಐದೇ ವರ್ಷದಲ್ಲಿ ಮುಚ್ಚುತ್ತವೆ ಎಂದು ಈ ಶತಮಾನದ ಆರಂಭದಲ್ಲಿ ತುಂಬ ಮಂದಿ ಬರೆದರು. 2001ರಲ್ಲಿ ಶುರುವಾದ ಬಿಗ್ ಬಜಾರ್‌ನ ಕತೆ ಈ ದೃಷ್ಟಿಯಿಂದ ಕುತೂಹಲದ್ದು. ವಿಶಾಲ ಹಾದಿ, ಥಳಥಳಿಸುವ ಕಪಾಟು ಕಂಡರೆ ನಮ್ಮ ಮಧ್ಯಮ ವರ್ಗ ‘ಇಲ್ಲಿ ದುಬಾರಿ’ ಎಂದು ಹಿಂದೆ ಸರಿಯುತ್ತದೆ ಎಂಬುದನ್ನು ಅದರ ಸ್ಥಾಪಕ ಕಿಶೋರ್ ಬಿಯಾನಿ ಅರಿತಿದ್ದರು. ಅದಕ್ಕೆ ಬೇಕೆಂದೇ ಇಕ್ಕಟ್ಟು, ಗದ್ದಲ, ಕೈಹಾಕಿ ಮುಟ್ಟಿ ನೋಡಲು ತೆರೆದಿಟ್ಟ ಬೇಳೆಕಾಳು. ಸಂತೆಯನ್ನು ಹವಾನಿಯಂತ್ರಿತ ಕಟ್ಟಡದೊಳಕ್ಕೆ ತಂದು ಕೂರಿಸಿದ್ದರು. ಜನವೂ ಬಂದರು. ಆದರೂ ಸಾಲದ ಹೊರೆ ಅದನ್ನು ನುಂಗಿತು, 2022ರಲ್ಲಿ ಆ ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಹೋಯಿತು. ಉದ್ರಿಯಿಂದ ಮುಳುಗುವುದು ಸಣ್ಣ ಅಂಗಡಿ ಮಾತ್ರವಲ್ಲ.

ಅಂತರ್ಜಾಲದ ವ್ಯಾಪಾರಕ್ಕೂ ನಮ್ಮ ಜನ ಇದೇ ಪಾಠ ಕಲಿಸಿದರು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುವ ಮೂಲಕ ಹುಟ್ಟಿದ ಫ್ಲಿಪ್‌ಕಾರ್ಟ್ ಮನೆಮಾತಾದದ್ದು 2010ರಲ್ಲಿ, ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡಿ ಎಂಬ ವ್ಯವಸ್ಥೆ ತಂದ ನಂತರ. ಕಾಣದ ಅಂಗಡಿಗೆ ಮುಂಗಡ ಕೊಡಲು ಯಾರು ಒಪ್ಪುತ್ತಾರೆ? ಅಮೆರಿಕದಲ್ಲಿ ಬೆಳೆದ ವ್ಯಾಪಾರ ಇಲ್ಲಿ ಬೇರು ಬಿಡಲು ಬಾಗಿಲಲ್ಲಿ ನಿಂತು ನೋಟು ಎಣಿಸುವ ಹುಡುಗ ಬೇಕಾಯಿತು. ಈಗ ಅಂಥ ಹುಡುಗರೇ ಹತ್ತು ಹದಿನೈದು ನಿಮಿಷದೊಳಗೆ ಕೊತ್ತಂಬರಿ ಸೊಪ್ಪು ಮುಟ್ಟಿಸಲು ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ಅವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾನೂನು ತಂದಿತು. ಅಷ್ಟಾದರೂ ಆಯಿತು.

ಇನ್ನು ಕ್ಯೂಆರ್ ಕೋಡ್. ಅದು ಹುಟ್ಟಿದ್ದು ಅಂಗಡಿಗಾಗಿ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯ ಮಸಾಹಿರೊ ಹಾರಾ ಮತ್ತು ಅವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕವಿಡಲು ಅದನ್ನು ರೂಪಿಸಿದರು. ಕಪ್ಪು ಬಿಳಿ ಕಾಯಿಗಳ ‘ಗೊ’ ಆಟದ ಮಣೆ ಅದಕ್ಕೆ ಸ್ಫೂರ್ತಿಯಂತೆ. 2016ರ ಏಪ್ರಿಲ್‌ನಲ್ಲಿ ಯುಪಿಐ ಆರಂಭವಾಯಿತು. ಅದೇ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದವು. ಗಲ್ಲಾಪೆಟ್ಟಿಗೆ ಬರಿದಾದ ಆ ಚಳಿಗಾಲದಲ್ಲಿ ಅಂಗಡಿಯವರು ಬೇರೆ ದಾರಿ ಕಾಣದೆ ಫೋನಿಗೆ ಶರಣಾದರು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ಮೂಲಕ 2,000 ಕೋಟಿ ಪಾವತಿಗಳು ನಡೆದವು. ಚಿಲ್ಲರೆ ಇಲ್ಲವೆಂದು ಚಾಕೊಲೇಟು ಕೊಡುವ ಕಾಟ ತಪ್ಪಿದ್ದು ನನ್ನಂಥವರಿಗೆ ದೊಡ್ಡ ಉಪಕಾರ.

ಆದರೆ ದಾದಾನ ಪುಸ್ತಕವನ್ನು ಓದಬಲ್ಲವರು ನಾವು ನಾಲ್ಕು ಜನ. ಈ ಪುಸ್ತಕವನ್ನು ಓದುವವರು ಯಾರು ಎಂಬುದು ಕರ್ನಾಟಕಕ್ಕೆ ತಿಳಿದದ್ದು 2025ರ ಜುಲೈಯಲ್ಲಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕವನ್ನು ಆಧರಿಸಿ ಬೇಕರಿ, ಚಹಾ ಅಂಗಡಿ, ತರಕಾರಿ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಸರಕಾದರೆ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ರೂಪಾಯಿ ವಹಿವಾಟು ದಾಟಿದವರು ನೋಂದಾಯಿಸಿಕೊಳ್ಳಬೇಕೆಂಬುದು ಕಾನೂನು. ಅದು ಸರಿಯೇ. ಆದರೆ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಎಂದು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವಹಿವಾಟು ಬೇರೆ, ಲಾಭ ಬೇರೆ ಎಂಬುದನ್ನು ಮೊದಲ ಸೇರಿಗೇ ‘ಲಾಭ’ ಎಂದು ಎಣಿಸುತ್ತಿದ್ದವರೂ ಬಲ್ಲವರಾಗಿದ್ದರು. ಖಾತೆಗೆ ಬಂದ ದುಡ್ಡಿನಲ್ಲಿ ಭಾವನ ಕೈಗಡ ಎಷ್ಟು, ಮಗಳ ಮದುವೆಗೆ ಬಂದದ್ದೆಷ್ಟು ಎಂಬುದನ್ನು ಯಂತ್ರ ಬೇರ್ಪಡಿಸಲಾರದು. ಎರಡೇ ವಾರದಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳು ಒಳಗೆ ಹೋಗಿ ‘ನಗದು ಮಾತ್ರ’ ಎಂಬ ಕೈಬರಹದ ಚೀಟಿಗಳು ಹೊರಗೆ ಬಂದವು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಮುಂದೆ ನೋಂದಾಯಿಸಿಕೊಳ್ಳಿ ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ಇನ್ನೊಂದು ಓದು ಇದಕ್ಕಿಂತ ಮೌನವಾದದ್ದು. ಸಂತೆ, ಜಾತ್ರೆಗಳು ಅಂಗಡಿಗಿಂತ ಹಳೆಯವು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಅಲ್ಲಿನ ಬೀದಿಯೊಂದರಲ್ಲಿ ಪ್ರತಿ ಶುಕ್ರವಾರ ಸಂತೆ ಸೇರುತ್ತಿತ್ತೆಂದೂ ಅದೇ ಬೀದಿಯ ಕೊನೆಗೆ ಮುಸ್ಲಿಮರ ಕೇರಿ ಇತ್ತೆಂದೂ ಬರೆದಿದ್ದಾನೆ. ಐನೂರು ವರ್ಷ ದಾಟಿ ಬಂದರೆ, 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವಾಯಿತು. ಆಮೇಲೆ ಇನ್ನೂ ಕೆಲವು ಜಾತ್ರೆಗಳಲ್ಲಿ ಅದೇ ಬಗೆಯ ಬ್ಯಾನರುಗಳು ಕಂಡವು. ದೇವಸ್ಥಾನಗಳ ಆಸ್ತಿ ಗುತ್ತಿಗೆ ಕುರಿತ 2002ರ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ಸದನದಲ್ಲಿ ಓದಿ ಹೇಳಲಾಯಿತು. 2024ರಲ್ಲಿ ಉತ್ತರ ಪ್ರದೇಶದಲ್ಲಿ ಯಾತ್ರೆಯ ಹಾದಿಯ ಹೋಟೆಲುಗಳವರು ಮಾಲೀಕರ ಹೆಸರನ್ನು ಬೋರ್ಡಿನಲ್ಲಿ ಬರೆಸಬೇಕೆಂಬ ಅಪ್ಪಣೆ ಹೊರಟಿತು. ಸುಪ್ರೀಂ ಕೋರ್ಟು ಜುಲೈ 22ರಂದು ಅದನ್ನು ತಡೆಹಿಡಿಯಿತು.

ಬೋರ್ಡಿಗೆ ತಡೆ ಬಂತು, ಆದರೆ ಫೋನಿನ ಪರದೆ ಬೋರ್ಡಿನ ಕೆಲಸವನ್ನು ಹೇಗಿದ್ದರೂ ಮಾಡುತ್ತದೆ. ಕ್ಯೂಆರ್ ಕೋಡ್ ತೋರಿಸಿದಾಗ ದುಡ್ಡು ಪಡೆಯುವವರ ಹೆಸರು ಮೂಡುತ್ತದೆ. ಮೋಸ ತಡೆಯಲೆಂದು, ಬ್ಯಾಂಕಿನಲ್ಲಿ ನೋಂದಾಯಿತವಾದ ಹೆಸರನ್ನೇ ತೋರಿಸಬೇಕೆಂಬ ನಿಯಮ 2025ರ ಜೂನ್ 30ರಿಂದ ಜಾರಿಗೆ ಬಂತು. ನಿಯಮದ ಉದ್ದೇಶದಲ್ಲಿ ತಪ್ಪಿಲ್ಲ. ತಮ್ಮನ ಅಂಗಡಿಯ ಬೋರ್ಡಿನ ಮೇಲೆ ನಮ್ಮೂರಿನ ಹೆಸರಿದೆ, ಪರದೆಯ ಮೇಲೆ ಅವನ ಹೆಸರು. ಊರಿನವರಿಗೆ ಅದರಿಂದ ಏನೂ ಆಗುವುದಿಲ್ಲ, ದಾದಾನ ಕಾಲದಿಂದ ಅದು ‘ಸಾಬರ ಅಂಗಡಿ’ಯೇ. ಆದರೆ ಹೆದ್ದಾರಿಯಲ್ಲಿ ಹೋಗುವ ಕಾರಿನವರು ನೀರಿನ ಬಾಟಲಿ ಕೊಂಡು, ಫೋನು ಎತ್ತಿ, ಒಂದು ಗಳಿಗೆ ತಡೆದು, ಬಾಟಲಿಯನ್ನು ಮೇಜಿನ ಮೇಲೇ ಇಟ್ಟು ಹೋದದ್ದು ಎರಡು ಸಲ ನಡೆದಿದೆ. ಒಮ್ಮೆ ನೆಟ್‌ವರ್ಕ್ ಇರಲಿಲ್ಲವೆಂದು ಅವನಿಗೆ ಆಮೇಲೆ ತಿಳಿಯಿತು. ಇನ್ನೊಮ್ಮೆ ಯಾಕೆ ಎಂದು ತಿಳಿಯಲಿಲ್ಲ. ಈಗ ಪರಊರಿನ ಗಿರಾಕಿ ಫೋನು ಎತ್ತಿದಾಗಲೆಲ್ಲ ಅವನ ಕಣ್ಣು ಅವರ ಮುಖದ ಮೇಲೆಯೇ ಇರುತ್ತದೆ.

ಉದ್ರಿ ಪುಸ್ತಕ ಮಾತ್ರ ಇನ್ನೂ ಇದೆ. ಫೋನಿನಲ್ಲೇ ಉದ್ರಿ ಬರೆದಿಡುವ ಆ್ಯಪನ್ನು ಅವನು ಆರು ತಿಂಗಳು ಇಟ್ಟುಕೊಂಡಿದ್ದ. ಬಾಕಿಯಿದ್ದವರಿಗೆ ಅದು ತಾನಾಗಿಯೇ ನೆನಪೋಲೆ ಕಳಿಸುತ್ತಿತ್ತು. ‘ನಿಮ್ಮ ಮಿಷನ್ನು ನನ್ನ ಮಗಳ ಗಂಡನ ಮುಂದೆ ನನ್ನ ಮಾನ ಕಳೀತು’ ಎಂದು ಒಬ್ಬರು ಬಂದು ಜಗಳವಾಡಿದ ಮೇಲೆ ತೆಗೆದುಹಾಕಿ, ಇನ್ನೂರು ಪುಟದ ನೋಟುಪುಸ್ತಕ ತಂದ. ಕನ್ನಡ ಶಾಲೆಯಲ್ಲಿ ಓದಿದವನು, ಕನ್ನಡದಲ್ಲೇ ಬರೆಯುತ್ತಾನೆ. ಹೆಸರುಗಳು ಮಾತ್ರ ಹಳೆಯ ಪುಸ್ತಕದಿಂದಲೇ ಇಳಿದು ಬಂದಿವೆ.

ಕಳೆದ ಬೇಸಗೆಯಲ್ಲಿ ಊರಿಗೆ ಹೋಗಿದ್ದಾಗ ಅಂಗಡಿಯಲ್ಲಿ ಕೂತಿದ್ದೆ. ಪೆಟ್ಟಿಗೆ ಇದ್ದಕ್ಕಿದ್ದಂತೆ ‘ಒಂದು ಸಾವಿರದ ನಾನೂರ ಎಂಬತ್ತು ರೂಪಾಯಿ’ ಎಂದು ಕೂಗಿತು. ಎದುರಿಗೆ ಯಾರೂ ಇರಲಿಲ್ಲ. ತಮ್ಮ ಫೋನು ತೆಗೆದು ನೋಡಿದ. ಎಂದೂ ಕೇಳದ ಹೆಸರು. ನೋಟುಪುಸ್ತಕವನ್ನು ಹಿಂದೆ ಮುಂದೆ ಮಗುಚಿದ. ಆ ಹೆಸರಿನವರು ಯಾರೂ ಅದರಲ್ಲಿಲ್ಲ. ದುಡ್ಡು ಬಂದಿದೆ, ಯಾರ ಬಾಕಿಯಲ್ಲಿ ಹೊಡೆಯಬೇಕೆಂದು ಗೊತ್ತಿಲ್ಲ. ತಪ್ಪಿ ಬಂದದ್ದಿರಬಹುದು, ಮುಟ್ಟಬೇಡ ಎಂದೆ ನಾನು.

ಸಂಜೆ ಅಸರ್ ನಮಾಜಿನ ಹೊತ್ತು ಕಳೆದ ಮೇಲೆ ಬೆನ್ನು ಬಾಗಿದ ಹೆಂಗಸೊಬ್ಬರು ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕೂತರು.

‘ನನ್ನ ಮೊಮ್ಮಗ ಬೆಂಗ್ಳೂರಿಂದ ಫೋನಲ್ಲಿ ದುಡ್ಡು ಹಾಕೀನಿ ಅಂದ. ಬಂತೇನಪ್ಪಾ ಸಾಬ್ರೇ?’

ತಮ್ಮ ಪುಸ್ತಕ ತೆಗೆದು ‘ಎಮ್ಮೆ ಅಕ್ಕ’ ಎಂದಿದ್ದ ಪುಟದ ಮೇಲೆ ಉದ್ದಕ್ಕೆ ಗೆರೆ ಎಳೆದ. ಎಮ್ಮೆ ಮಾರಿ ಮೂವತ್ತು ವರ್ಷವಾಗಿತ್ತು. ಅವರು ಅರ್ಧ ಕಿಲೋ ತೊಗರಿಬೇಳೆ ಕೇಳಿದರು. ತಕ್ಕಡಿಯ ಕೆಂಪು ಅಂಕಿಗಳು 500ಕ್ಕೆ ಬಂದು ನಿಂತವು. ತಮ್ಮ ಪೊಟ್ಟಣ ಕಟ್ಟಿ ಕೊಟ್ಟ. ಅವರು ತೆಗೆದುಕೊಳ್ಳಲಿಲ್ಲ, ಅವನ ಮುಖವನ್ನೇ ನೋಡುತ್ತ ಕೂತರು.